ಹಿಂದಿನ ಸೀಟಿನವರೆಗೂ ತಂಪು

ನಾಯಂಡಹಳ್ಳಿ,
ಗುರುವಾರ, ೨೪ ಏಪ್ರಿಲ್ ೨೦೨೫

ಪ್ರೀತಿಯ ಲತಾ,

ಹೇಗಿದ್ದೀಯಮ್ಮಾ? ಸೊಂಟ ನೋವು ಇಳಿಯಿತೇ? ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯೋ, ಮಗು ಮಲಗಿದಾಗ ತಿಂದರಾಯಿತು ಎಂದು ತಟ್ಟೆ ಮುಚ್ಚಿಟ್ಟು ಕೂರುತ್ತೀಯೋ? ಅನಘಾಳಿಗೆ ಕತ್ತಿನ ಹತ್ತಿರ ಬೆವರುಸಾಲೆ ಎದ್ದಿದೆ ಎಂದಿದ್ದೆಯಲ್ಲ, ಪೌಡರ್ ಸುರಿಯಬೇಡ. ಹಳೆಯ ಪಂಚೆಯ ಮೆತ್ತನೆಯ ಬಟ್ಟೆಯನ್ನು ನೀರಿಗೆ ಅದ್ದಿ ಹಿಂಡಿ ಒರೆಸಿ ಬಿಡು, ಸಾಕು. ಬಾಣಂತಿಗೆ ಇಷ್ಟು ಬಿಸಿಲು ಆಗಬಾರದು, ಆದರೆ ಈ ವರ್ಷದ ಏಪ್ರಿಲ್ ಯಾರ ಮಾತನ್ನು ಕೇಳುತ್ತದೆ? ಇಲ್ಲಿ ಟ್ಯಾಂಕಿನ ನೀರನ್ನು ಮಧ್ಯಾಹ್ನ ಕೈಯಲ್ಲಿ ಮುಟ್ಟಲು ಆಗುವುದಿಲ್ಲ. ನಿನ್ನ ಅಪ್ಪ ಅಮ್ಮನ ಆರೋಗ್ಯ ಹೇಗಿದೆ? ಬೀಗಿತ್ತಿಗೆ ಹೇಳು, ಅವರು ಕಳಿಸಿದ ಹುರುಳಿಕಾಳು ಚೆನ್ನಾಗಿ ಬೆಂದಿತು, ಅದರ ಬಸ್ಸಾರನ್ನು ನಿನ್ನ ಮಾವ ಎರಡು ದಿನ ಬಿಡದೆ ಉಂಡರು.

ಕೈಯಲ್ಲಿ ಫೋನ್ ಇಟ್ಟುಕೊಂಡು ಅತ್ತೆಗೆ ಇದೇನು ಕಾಗದ ಬರೆಯುವ ಹುಚ್ಚು ಎಂದು ನಗಬೇಡ. ಫೋನಿನಲ್ಲಿ ಮಾತಾಡಿದರೆ ನಮ್ಮ ಅಕ್ಕಯ್ಯಮ್ಮನವರಿಗೆ, ಅಂದರೆ ನಿನ್ನ ಮಾವನ ತಾಯಿಗೆ, ಅಡುಗೆಮನೆಯಿಂದ ಜಗುಲಿಯವರೆಗೂ ಎಲ್ಲ ಕೇಳಿಸುತ್ತದೆ. ಎಂಬತ್ತು ದಾಟಿದರೂ ಕಿವಿ ಮಾತ್ರ ಅಷ್ಟು ಚುರುಕು. ನನ್ನ ದನಿ ಬೇರೆ ಪಿಸುಮಾತನ್ನು ಕಲಿತದ್ದಲ್ಲ. ರೆಕಾರ್ಡ್ ಮಾಡಿ ಕಳಿಸೋಣವೆಂದರೆ ನಿಮ್ಮ ಮನೆಯಲ್ಲಿ ಸ್ಪೀಕರ್ ಹಾಕಿ ಊರಿಗೆಲ್ಲ ಕೇಳಿಸುತ್ತೀರಿ. ನಿನ್ನ ಅಣ್ಣ ಮಹದೇವ್ ಇವತ್ತು ಇಲ್ಲಿನ ಗೋಡೌನಿಗೆ ಸಾಮಾನು ತುಂಬಿಸಲು ಬಂದಿದ್ದಾನೆ. ಸಂಜೆ ಮಳವಳ್ಳಿಗೆ ಹೊರಡುವ ಮುಂಚೆ ಬಂದು ಹೋಗು, ಒಂದು ಡಬ್ಬಿ ಚಕ್ಕುಲಿ ಕೊಡುವುದಿದೆ ಎಂದು ಹೇಳಿದ್ದೇನೆ. ಚಕ್ಕುಲಿಯ ಜೊತೆಗೆ ಈ ಕಾಗದವೂ ನಿನ್ನ ಕೈ ಸೇರುತ್ತದೆ. ಚಕ್ಕುಲಿ ದಾರಿಯಲ್ಲೇ ಮುಗಿದರೆ ಅದು ನಿನ್ನ ಅಣ್ಣನ ಕೆಲಸ, ನನ್ನದಲ್ಲ.

ವಿಷಯ ಇದು. ಬರುವ ಭಾನುವಾರ ಅಜ್ಜಿಯನ್ನು ಕಾರಿನಲ್ಲಿ ಕರೆದುಕೊಂಡು ನಾವೆಲ್ಲ ನಿಮ್ಮ ಊರಿಗೆ ಬರುತ್ತಿದ್ದೇವೆ. ಹೋದ ತಿಂಗಳು ತೊಟ್ಟಿಲ ಶಾಸ್ತ್ರದ ದಿನ ಆದದ್ದನ್ನು ನಿನಗೆ ನಾನು ಪೂರ್ತಿ ಹೇಳಿಯೇ ಇಲ್ಲ. ನಿನ್ನ ಗಂಡ ಭೈರೇಶ ಒಬ್ಬನೇ ಬಸ್ಸಿನಲ್ಲಿ ಬಂದು ಅಜ್ಜಿಗೆ ಸ್ವಲ್ಪ ಸುಸ್ತು ಎಂದನಲ್ಲ, ಅದು ಸ್ವಲ್ಪ ಆಗಿರಲಿಲ್ಲ ಕಣೇ. ಕಾರಿನ ಎ.ಸಿ. ಹಾಕಿದ್ದರೂ ಒಳಗೆ ಇಡ್ಲಿ ಪಾತ್ರೆಯ ಹಾಗೆ ಧಗೆ. ಕಿಟಕಿ ಇಳಿಸಿದರೆ ಮೈಸೂರು ರಸ್ತೆಯ ಹೊಗೆ, ಏರಿಸಿದರೆ ಉಸಿರು ಕಟ್ಟುವುದು. ಕೆಂಗೇರಿ ದಾಟುವಷ್ಟರಲ್ಲಿ ಅವರು ನನ್ನ ಭುಜಕ್ಕೆ ಒರಗಿಬಿಟ್ಟರು. ಮೈ ಮುಟ್ಟಿದರೆ ಕಾದ ಹೆಂಚು, ಕರೆದರೆ ಉತ್ತರವಿಲ್ಲ. ಮರದ ನೆರಳಿಗೆ ಗಾಡಿ ಹಾಕಿ, ಮುಖಕ್ಕೆ ನೀರು ಚಿಮುಕಿಸಿ, ಎಳನೀರು ಕುಡಿಸಿ, ಅಲ್ಲಿಂದಲೇ ಹಿಂದಕ್ಕೆ ತಿರುಗಿಸಿಕೊಂಡು ಬಂದೆವು. ಅವರ ಮಡಿಲಲ್ಲಿ ಮಗುವಿಗೆಂದು ಇಟ್ಟುಕೊಂಡಿದ್ದ ಬೆಳ್ಳಿ ಉಡಿದಾರ ಹಾಗೇ ಇತ್ತು. ಮನೆಗೆ ಬಂದು ಪೂರ್ತಿ ಎಚ್ಚರವಾದ ಮೇಲೆ ಅವರು ಕೇಳಿದ ಮೊದಲ ಮಾತು, "ಮಳವಳ್ಳಿ ಬಂತಾ?"

ಆ ಮೇಲೆ ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು. ಈ ವಯಸ್ಸಿನಲ್ಲಿ ಮೈ ಬಿಸಿಯಾದರೆ ಅಪಾಯ, ಗಾಡಿ ತಣ್ಣಗಿದ್ದರೆ ಮಾತ್ರ ಕರೆದುಕೊಂಡು ಹೋಗಿ, ಇಲ್ಲದಿದ್ದರೆ ಮಳೆ ಬರುವವರೆಗೆ ಸುಮ್ಮನಿರಿ ಎಂದು. ನೀನು ಫೋನ್ ಮಾಡಿ, ಅಜ್ಜಿ ಯಾಕೆ ಬರಬೇಕು, ನಾನೇ ಮಗು ಎತ್ತಿಕೊಂಡು ಬರುತ್ತೇನೆ ಎಂದೆಯಲ್ಲ, ಆ ಮಾತು ನನ್ನ ಮನಸ್ಸಿನಲ್ಲಿ ಇನ್ನೂ ಇದೆ ತಾಯಿ. ಐದು ತಿಂಗಳು ತುಂಬದೆ ಕೂಸು ತವರಿನ ಹೊಸ್ತಿಲು ದಾಟಬಾರದು ಎಂಬುದು ನಿಮ್ಮ ಮನೆಯ ಶಾಸ್ತ್ರ. ನಿನ್ನ ಅಮ್ಮನ ಎದುರು ನಿಂತು ಹಾಗೆ ಹೇಳಲು ಎಷ್ಟು ಧೈರ್ಯ ಬೇಕು ಎಂದು ನನಗೆ ಗೊತ್ತು. ಆದರೆ ಅಜ್ಜಿ ಕೇಳಲಿಲ್ಲ. "ಹಸುಗೂಸ ಯಾಕೆ ಬಿಸಿಲಿಗೆ ತರ್ಬೇಕು? ದೊಡ್ಡೋರು ಹೋಗಿ ನೋಡ್ಬೇಕು, ಅದೇ ಮರ್ಯಾದೆ" ಎಂದರು. ಸರಿ, ಹಾಗಾದರೆ ಬೆಳಗಿನ ಜಾವದ ತಂಪಿನಲ್ಲಿ ಹೊರಟು ಬಿಡೋಣ ಎಂದರೆ ಅದೂ ಬೇಡ. ನೆತ್ತಿಯ ಮೇಲೆ ಸೂರ್ಯ ಇರುವಾಗಲೇ ಮಗುವಿನ ಮುಂದೆ ಇರಬೇಕಂತೆ! ರಾಹುಕಾಲವೋ ಗುಳಿಕಕಾಲವೋ ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ. ಬೆಳಗ್ಗೆಯೇ ಹೋಗಿ ಮಧ್ಯಾಹ್ನದವರೆಗೆ ಅಲ್ಲಿರೋಣ ಎಂದೆ. ಹೋದ ತಕ್ಷಣ ನೋಡಬೇಕು, ಕಾಯುವುದಕ್ಕೆ ಆಗುವುದಿಲ್ಲ ಎಂದು ಹಠ. ನನಗೂ ರೇಗಿತು. ನಿನ್ನ ಮಾವ ಮಾತ್ರ, ಅವ್ವನ ಹಠಕ್ಕೂ ಕಾರಿನ ಧಗೆಗೂ ಒಂದೇ ಮದ್ದು, ಎ.ಸಿ. ರಿಪೇರಿ ಮಾಡಿಸುವುದು ಎಂದು ತೀರ್ಮಾನ ಕೊಟ್ಟರು.

ನಿನ್ನ ಮಾವನ ವಿಷಯ ಗೊತ್ತಲ್ಲ. ಏನು ಕೆಟ್ಟರೂ ಅವರ ಬಳಿ ಒಂದೇ ಕಾರಣ ಸಿದ್ಧ ಇರುತ್ತದೆ. ಒಲೆ ಉರಿಯದಿದ್ದರೂ ಗ್ಯಾಸ್, ಹೊಟ್ಟೆ ನೋವಾದರೂ ಗ್ಯಾಸ್, ಕಾರು ತಣ್ಣಗಾಗದಿದ್ದರೂ ಗ್ಯಾಸ್. ಹೋದ ವಾರ ಜಂಕ್ಷನ್ನಿನ ಹತ್ತಿರ ಇರುವ ರೇವಣಸಿದ್ದಪ್ಪನ ಗ್ಯಾರೇಜಿಗೆ ಗಾಡಿ ನುಗ್ಗಿಸಿದವರೇ, "ಗ್ಯಾಸ್ ಖಾಲಿ ಆಗೈತೆ, ತುಂಬ್ಸಪ್ಪ" ಎಂದು ಅಪ್ಪಣೆ ಮಾಡಿದರು. ಇವರ ಮೇಲೆ ನಂಬಿಕೆ ಸಾಲದೆ ನಾನೂ ಜೊತೆಗೆ ಹೋಗಿದ್ದೆ. ರೇವಣಸಿದ್ದಪ್ಪ ದೊಡ್ಡ ಮಾತುಗಾರ. ರೇಡಿಯೋಗಿಂತ ಜೋರಾಗಿ ಮಾತಾಡುತ್ತಾ ಬಾನೆಟ್ ಎತ್ತಿ, ಎರಡು ಪೈಪು ಸಿಕ್ಕಿಸಿ, ಗಡಿಯಾರದ ಹಾಗಿರುವ ಮೀಟರ್ ನೋಡಿ, "ಗ್ಯಾಸ್ ಕರೆಕ್ಟಾಗಿದೆ ಸಾರ್, ಎಲ್ಲೂ ಲೀಕ್ ಇಲ್ಲ" ಎಂದ. ನಿನ್ನ ಮಾವನ ಮುಖ ನೋಡಬೇಕಿತ್ತು! ಹಾಗಾದರೆ ಮೀಟರೇ ಕೆಟ್ಟಿರಬೇಕು ಎಂದು ಶುರು ಮಾಡಿದರು. ಆತ ಅದಕ್ಕೆ ಕಿವಿಗೊಡದೆ ಮುಂಭಾಗದ ಕಂಡೆನ್ಸರ್ ತೋರಿಸಿದ. ರೇಡಿಯೇಟರಿನ ಮುಂದೆ ಇರುವ ಸಣ್ಣ ಸಣ್ಣ ಪದರದ ಜಾಲರಿ ಅದು, ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುವುದು ಅದರ ಕೆಲಸ. ಅದರ ತುಂಬ ರಸ್ತೆಯ ಧೂಳು ಮೆತ್ತಿಕೊಂಡು ಗೋಡೆಯ ಹಾಗಾಗಿತ್ತು. ನೀರನ್ನು ಮೆಲ್ಲಗೆ ಹಾಯಿಸಿ ತೊಳೆದ. ಜೋರಾಗಿ ಹೊಡೆದರೆ ಪದರ ಬಾಗಿ ಹೋಗುತ್ತದಂತೆ. ಆಮೇಲೆ ಮುಂದಿನ ಗಾಳಿಕಂಡಿಯಲ್ಲಿ ಒಂದು ಥರ್ಮಾಮೀಟರ್ ಸಿಕ್ಕಿಸಿ, ತಣ್ಣಗೆ ಬರ್ತಾ ಇದೆ, ಮುಗಿಯಿತು ಎಂದು ಕೈ ಒರೆಸಿಕೊಂಡ.

ನಾನು ಬಿಡಲಿಲ್ಲ. ಅಜ್ಜಿ ಕೂರುವುದು ಹಿಂದಿನ ಸೀಟಿನಲ್ಲಿ, ಥರ್ಮಾಮೀಟರ್ ಇರುವುದು ಮುಂದೆ. ನಾನು ಹೋಗಿ ಅವರ ಜಾಗದಲ್ಲಿ ಕೂತು ಬಾಗಿಲು ಹಾಕಿಕೊಂಡೆ. ಮುಂದೆ ಭರ್ರೆಂದು ಶಬ್ದ, ಹಿಂದೆ ನನ್ನ ಸೆರಗಿನ ಅಂಚು ಕೂಡ ಅಲುಗುತ್ತಿಲ್ಲ. ಬೆವರು ಇಳಿಯುತ್ತಲೇ ಇತ್ತು. ರೇವಣಸಿದ್ದಪ್ಪ, "ಹಳೇ ಗಾಡಿ ಅಮ್ಮಾ, ಹಿಂದಕ್ಕೆ ಇಷ್ಟೇ ಬರೋದು" ಎಂದ. ನನಗೆ ನಮ್ಮ ಅಡುಗೆಮನೆಯ ಚಿಮಣಿ ನೆನಪಾಯಿತು. ಅದರ ಜಾಲರಿಗೆ ಒಗ್ಗರಣೆಯ ಜಿಡ್ಡು ಕಟ್ಟಿಕೊಂಡಾಗಲೂ ಹೀಗೇ, ಕೂಗಾಟ ಜಾಸ್ತಿ, ಕೆಲಸ ಇಲ್ಲ. "ಶಬ್ದ ಬರ್ತೈತೆ, ಗಾಳಿ ಬರ್ತಿಲ್ಲ ಕಣಪ್ಪ. ಒಳಗೆ ಎಲ್ಲೋ ಜಾಲರಿ ಕಟ್ಕೊಂಡಿರ್ಬೇಕು, ನೋಡು" ಎಂದೆ. ಆತ ತಲೆ ಕೆರೆದುಕೊಂಡು, ಅದೂ ಒಂದು ನೋಡಿಬಿಡೋಣ ಎಂದು ಎಡಗಡೆಯ ಸೀಟಿನ ಮುಂದೆ ಇರುವ ಡಬ್ಬಿಯನ್ನು ಕಳಚಿ, ಅದರ ಹಿಂದಿನಿಂದ ಫಿಲ್ಟರನ್ನು ಎಳೆದ. ಕಾರಿನ ಒಳಕ್ಕೆ ಬರುವ ಗಾಳಿಯೆಲ್ಲ ಅದರ ಮೂಲಕವೇ ಸೋಸಿ ಬರಬೇಕಂತೆ.

ಲತಾ, ಆ ಫಿಲ್ಟರಿನ ಜೊತೆಗೆ ಏನೇನು ಉದುರಿತು ಗೊತ್ತಾ? ಪುರಿ! ಕಡಲೆಪುರಿ ಕಣೇ, ನಾವು ತಿನ್ನುವ ಪುರಿ. ಕೆಲವು ಹಾಗೇ ಇದ್ದವು, ಕೆಲವು ಹಿಟ್ಟಾಗಿದ್ದವು. ಅದರ ಜೊತೆ ಒಣಗಿದ ಸೇವಂತಿಗೆ ಎಸಳು, ಹೊಂಗೆ ಎಲೆ, ಅರಿಶಿನ ಕುಂಕುಮದ ಗಟ್ಟಿ ಪದರ. ಪುರಿ ಇರುವ ಕಡೆ ಇಲಿ ಬಾರದೆ ಇರುತ್ತದೆಯೇ? ಹತ್ತಿ, ದಾರ, ಪೇಪರ್ ಚೂರು ಸೇರಿಸಿಕೊಂಡು ಯಾವುದೋ ಇಲಿ ಒಳ್ಳೆಯ ಬಾಣಂತಿಕೋಣೆ ಮಾಡಿಕೊಂಡಿತ್ತು. ಪುಣ್ಯಕ್ಕೆ ಸಂಸಾರ ಖಾಲಿ ಮಾಡಿಕೊಂಡು ಹೋಗಿತ್ತು. ರೇವಣಸಿದ್ದಪ್ಪ ಒಂದು ಪುರಿ ಎತ್ತಿ ಹಿಡಿದು ನೋಡಿದ. ಆಮೇಲೆ, "ಗಾಡಿಗೆ ಪೂಜೆ ಮಾಡೋರನ್ನ ನೋಡಿದೀನಿ ಸಾರ್, ಗಾಡಿಗೆ ಊಟ ಹಾಕೋರನ್ನ ನೋಡಿರ್ಲಿಲ್ಲ" ಎಂದ. ನಿನ್ನ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಿನಗೆ ಆಗಲೇ ಅರ್ಥವಾಗಿರಬೇಕು. ಪುರಿ ಅಜ್ಜಿಯದು. ಆಯುಧಪೂಜೆಗೆ ಎಲ್ಲರೂ ಗಾಡಿಗೆ ಪೂಜೆ ಮಾಡಿದರೆ ಅವರಿಗೆ ಪ್ರತಿ ಶುಕ್ರವಾರವೂ ಆಯುಧಪೂಜೆ. ಮೊಮ್ಮಗ ರಸ್ತೆಯ ಮೇಲೆ ಓಡಾಡುವವನು, ಅವನನ್ನು ಕಾಯಲಿ ಎಂದು ಕುಂಕುಮ ಇಟ್ಟು, ಹೂವಿಟ್ಟು, ಒಂದು ಹಿಡಿ ಪುರಿ ಹಾಕಿ ಕೈ ಮುಗಿಯುತ್ತಾರೆ. ಮೊದಲೆಲ್ಲ ಬಾನೆಟ್ಟಿನ ಮುಂತುದಿಯಲ್ಲಿ ಹಾಕುತ್ತಿದ್ದರು, ಗುಬ್ಬಿ ಅಳಿಲು ತಿಂದುಕೊಂಡು ಹೋಗುತ್ತಿದ್ದವು. ಈಚೆಗೆ ಮುಂದಿನ ಗಾಜಿನ ಬುಡಕ್ಕೆ ಹಾಕುತ್ತಿದ್ದಾರೆ. ಗಾಳಿ ಒಳಗೆ ಹೋಗುವ ಕಂಡಿ ಇರುವುದು ಅಲ್ಲೇ, ಅದರ ಮೇಲಿನ ಜಾಲರಿ ಒಂದು ಮೂಲೆಯಲ್ಲಿ ಮುರಿದಿತ್ತು. ನೀನು ತವರಿಗೆ ಹೋದ ಮೇಲೆ ಭೈರೇಶ ದಿನಾ ಮೆಟ್ರೋದಲ್ಲೇ ಕೆಲಸಕ್ಕೆ ಹೋಗಿಬರುತ್ತಾನೆ, ಗಾಡಿ ನಿಂತಲ್ಲೇ ನಿಂತಿರುತ್ತದೆ, ಇಲಿಗೂ ಅನುಕೂಲವಾಯಿತು. ಹೊಸ ಫಿಲ್ಟರ್ ಹಾಕಿಸಿ, ಜಾಲರಿ ಬದಲಾಯಿಸಿ, ಒಳಗೆಲ್ಲ ಸ್ವಚ್ಛ ಮಾಡಿಸಿಕೊಂಡು ಬಂದೆವು. ಅಜ್ಜಿಗೆ ಇದನ್ನು ಹೇಳಬಾರದು ಎಂದು ನಾನೂ ನಿನ್ನ ಮಾವನೂ ದಾರಿಯಲ್ಲೇ ಮಾತಾಡಿಕೊಂಡೆವು. ತೊಟ್ಟಿಲ ದಿನ ತಾನು ಹೋಗಲಾಗದ್ದಕ್ಕೆ ತನ್ನ ಪೂಜೆಯೇ ಕಾರಣ ಎಂದು ತಿಳಿದರೆ ಆ ಜೀವ ಎಷ್ಟು ನೊಂದುಕೊಳ್ಳುತ್ತದೆ ಹೇಳು. ಅದಕ್ಕೆ ಶುಕ್ರವಾರ ನಾನು ಒಂದು ಹಿತ್ತಾಳೆ ತಟ್ಟೆ ಕೊಟ್ಟು, "ಅತ್ತೆ, ಇನ್ಮೇಲೆ ಪುರಿ ಇದರಲ್ಲಿ ಹಾಕಿ ಪೂಜೆ ಮಾಡಿ, ಆಮೇಲೆ ಬೀದಿ ಮಕ್ಕಳಿಗೆ ಪ್ರಸಾದ ಹಂಚೋಣ" ಎಂದೆ. ಒಂದು ಎದುರು ಮಾತೂ ಆಡದೆ ಒಪ್ಪಿಕೊಂಡರು. ಈಗ ಬೀದಿಯ ಮಕ್ಕಳಿಗೆಲ್ಲ ನಮ್ಮ ಕಾರೇ ಇಷ್ಟದೇವರು.

ಗಾಡಿ ಸರಿಯಾಯಿತು ಎಂದು ಬಾಯಲ್ಲಿ ಹೇಳಿದರೆ ನಾನು ನಂಬುವವಳಲ್ಲ. ಮೊನ್ನೆ ಉರಿಬಿಸಿಲಿನ ಹೊತ್ತಿಗೆ ನಿನ್ನ ಮಾವನನ್ನು ಊಟದಿಂದ ಎಬ್ಬಿಸಿ, ಎರಡು ಮೊಳ ಮಲ್ಲಿಗೆ ತಂದು ಅಜ್ಜಿ ಕೂರುವ ಜಾಗದಲ್ಲಿ ಹರವಿ, ಅದರ ಪಕ್ಕ ನಾನು ಕೂತು, ಕೆಂಗೇರಿ ದಾಟಿ ಬಿಡದಿಯವರೆಗೂ ಹೋಗಿ ಬಂದೆವು. ಅಜ್ಜಿ ಒರಗಿದ ಜಾಗ ಬಂದಾಗ ಸೀಟನ್ನೂ ಮಲ್ಲಿಗೆಯನ್ನೂ ಮುಟ್ಟಿ ನೋಡಿದೆ. ಹಿಂದಿನ ಸೀಟಿನಲ್ಲಿ ಗಾಳಿ ಹಿತವಾಗಿ ಬರುತ್ತಿತ್ತು. ಮನೆಗೆ ಬಂದು ಮಲ್ಲಿಗೆ ನೋಡಿದರೆ ಈಗ ತಾನೇ ಕಟ್ಟಿದ ಹಾಗೆ ಇತ್ತು, ಒಂದು ಮೊಗ್ಗೂ ಬಾಡಿರಲಿಲ್ಲ. ಅದನ್ನೇ ದೇವರಿಗೆ ಮುಡಿಸಿದೆ. ನಿನ್ನ ಮಾವನಿಗೋ ಈಗ ಹೊಸ ವಿದ್ಯೆ ಬಂದಿದೆ. ಬಿಸಿಲಲ್ಲಿ ನಿಂತ ಗಾಡಿಯ ಬಾಗಿಲು ಮೊದಲು ತೆರೆದು ಕಾವು ಹೊರಗೆ ಬಿಡಬೇಕು, ಸ್ವಲ್ಪ ದೂರ ಹೋದ ಮೇಲೆ ಹೊರಗಿನ ಗಾಳಿ ಮುಚ್ಚಿ ಒಳಗಿನದನ್ನೇ ತಿರುಗಿಸಬೇಕು, ಇಳಿಯುವ ಸ್ವಲ್ಪ ಮುಂಚೆ ಎ.ಸಿ. ನಿಲ್ಲಿಸಿ ಬರೀ ಫ್ಯಾನ್ ಬಿಟ್ಟರೆ ಒಳಗಿನ ತೇವ ಆರಿ ವಾಸನೆ ಬರುವುದಿಲ್ಲ, ಚಳಿಗಾಲದಲ್ಲೂ ವಾರಕ್ಕೊಮ್ಮೆ ಓಡಿಸುತ್ತಿರಬೇಕು, ಹೀಗೆ ರೇವಣಸಿದ್ದಪ್ಪ ಹೇಳಿದ್ದನ್ನೆಲ್ಲ ತಾವೇ ಕಂಡುಹಿಡಿದ ಹಾಗೆ ಹಾಲಿನವನಿಗೂ ಹೇಳುತ್ತಾರೆ. ಆ ಹಾಲಿನವನ ಹತ್ತಿರ ಇರುವುದು ಸೈಕಲ್ಲು.

ಇಷ್ಟೆಲ್ಲ ಯಾಕೆ ಮೈಮೇಲೆ ಹಾಕಿಕೊಂಡು ಓಡಾಡಿದೆ ಎಂದು ನಿನಗೆ ಅನ್ನಿಸಬಹುದು. ಭೈರೇಶ ಹುಟ್ಟಿದಾಗ ನನ್ನ ತವರಿನಲ್ಲಿ ನಮ್ಮಮ್ಮ ಕಾಮಾಲೆಯಿಂದ ಹಾಸಿಗೆ ಹಿಡಿದಿದ್ದರು. ನನಗೆ ಜ್ವರ, ಹಸುಗೂಸಿಗೆ ನೀರು ಹಾಕುವವರೂ ಇಲ್ಲ. ಅದೂ ಇಂಥದೇ ಬಿಸಿಲುಗಾಲ. ಸುದ್ದಿ ತಲುಪಿದ ದಿನವೇ ನಮ್ಮ ಅತ್ತೆ, ಈ ಅಕ್ಕಯ್ಯಮ್ಮನವರು, ತಲೆಯ ಮೇಲೆ ಒದ್ದೆ ಟವಲ್ ಹಾಕಿಕೊಂಡು, ಕಿಕ್ಕಿರಿದ ಬಸ್ಸಿನಲ್ಲಿ ನಿಂತುಕೊಂಡೇ ಮಾಗಡಿಗೆ ಬಂದು, ಅಲ್ಲಿಂದ ನಮ್ಮ ಹಳ್ಳಿಗೆ ನಡೆದುಕೊಂಡು ಬಂದರು. ಗಂಡನ ತಾಯಿ ಬಂದು ತವರಿನಲ್ಲಿ ಸೊಸೆಯ ಬಾಣಂತನ ಮಾಡುವುದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಊರ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಅವರು ಯಾರ ಕಡೆಗೂ ತಿರುಗಿ ನೋಡದೆ ನನಗೆ ಎಣ್ಣೆ ಹಚ್ಚಿ, ನೀರು ಹಾಕಿ, ನಮ್ಮಮ್ಮನಿಗೆ ಗಂಜಿ ಕುಡಿಸಿ, ನಾನು ಎದ್ದು ಓಡಾಡುವವರೆಗೆ ಇದ್ದರು. ಆಮೇಲೆ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಅವರು ಕೈ ಹಿಡಿಯದಿದ್ದರೆ ನಾನೂ ಇಲ್ಲ, ಭೈರೇಶನೂ ಇಲ್ಲ. ಅಂಥವರನ್ನು ಅವರ ಮರಿಮಗಳ ಹತ್ತಿರ ತಣ್ಣಗೆ ಕರೆದುಕೊಂಡು ಬರುವ ಭಾಗ್ಯ ನನಗೆ ಸಿಕ್ಕಿದೆಯಲ್ಲ, ಅದನ್ನು ನೆನೆದರೆ ಸಂತೋಷಕ್ಕೆ ಕಣ್ಣು ತುಂಬುತ್ತದೆ.

ಅಡುಗೆಗೆ ಹೆಚ್ಚು ತಾಪತ್ರಯ ಪಡಬೇಡಿ ಎಂದು ಬೀಗಿತ್ತಿಗೆ ಹೇಳು. ಅಜ್ಜಿಗೆ ಮೆತ್ತಗಿನ ಮುದ್ದೆ, ಸೊಪ್ಪಿನ ಸಾರು ಇದ್ದರೆ ಸಾಕು. ನಿನ್ನ ಮಾವನಿಗೆ ಏನು ಹಾಕಿದರೂ ಉಣ್ಣುತ್ತಾರೆ, ಎ.ಸಿ.ಯ ಬಗ್ಗೆ ಕೇಳಿಸಿಕೊಳ್ಳಲು ಯಾರಾದರೂ ಎದುರಿಗೆ ಕೂತಿದ್ದರೆ ಆಯಿತು. ನಿನ್ನ ಅಪ್ಪ ಅಮ್ಮನಿಗೆ ನಮ್ಮ ನಮಸ್ಕಾರ. ಅನಘಾಳ ಎರಡೂ ಪಾದಕ್ಕೆ ನನ್ನ ಮುತ್ತು. ತವರಿನ ಶಾಸ್ತ್ರವನ್ನೂ ಮೀರಿ ನನ್ನ ಅತ್ತೆಯ ಮನಸ್ಸು ನೋಡಿ ನಾನೇ ಬರುತ್ತೇನೆ ಎಂದ ನಿನ್ನಂಥ ಸೊಸೆ ಸಿಕ್ಕಿದ್ದಕ್ಕೆ ದೇವರಿಗೆ ದಿನಾ ಕೈ ಮುಗಿಯುತ್ತೇನೆ. ನಿನ್ನ ಹೊಟ್ಟೆ ತಣ್ಣಗಿರಲಿ, ಮಡಿಲು ತುಂಬಿರಲಿ.

ನಿನ್ನ ಅತ್ತೆ,
ಯಶೋದಮ್ಮ

ಮರೆತ ಮಾತು: ಮಹದೇವ್ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಕಾಫಿ ಕೊಟ್ಟು ಕೂರಿಸಿ ಇದನ್ನು ಬರೆಯುತ್ತಿದ್ದೇನೆ. ಮರೆತದ್ದೇನೂ ಅಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಮುಂದೆ ಮುಂದೆ ಹಾಕಿದೆ. ಶುಕ್ರವಾರ ತಟ್ಟೆ ಕೊಟ್ಟೆನಲ್ಲ, ಪೂಜೆ ಮುಗಿದ ಮೇಲೆ ಅಜ್ಜಿ ನನ್ನ ಕೈ ಹಿಡಿದು ಜಗುಲಿಯಲ್ಲಿ ಕೂರಿಸಿಕೊಂಡು, "ಒಳಗೆ ಸಿಕ್ಕಿದ ಪುರಿ ನಂದೇ ಅಲ್ವೇನೆ ಯಶೋದಾ?" ಎಂದರು. ನಿನ್ನ ಮಾವ ಭೈರೇಶನಿಗೆ ಪುರಿಯ ಕಥೆ ಹೇಳಿಕೊಂಡು ನಕ್ಕದ್ದು ಆ ಕಿವಿಗೆ ಯಾವಾಗಲೋ ಮುಟ್ಟಿತ್ತು. ಅವರೇ ಮುಂದಕ್ಕೆ ಹೇಳಿದರು. "ಮೊದ್ಲಿನಂಗೆ ಮುಂದ್ಗಡೆ ಇಡೋಕೆ ಕಾಣಾಕಿಲ್ಲ ಕಣೆ. ಕೈಗೆ ಗಾಜು ಸಿಗೋವರ್ಗೂ ತಡವ್ಕೊಂಡು ಹೋಗಿ ಅಲ್ಲಿ ಹಾಕ್ತಿದ್ದೆ. ಕಣ್ಣು ಕತ್ಲಾಗ್ತಾ ಐತೆ. ನಡು ಮಧ್ಯಾಹ್ನದ ಬಿಸಿಲಿದ್ರೆ ಮುಖ ವಸಿ ಕಾಣ್ತದೆ. ಅದಕ್ಕೇ ಆ ಹೊತ್ತಿಗೇ ಹೋಗಣ ಅಂದಿದ್ದು. ಕೂಸಿನ ಮುಖ ಒಂದ್ಸಲ ನೋಡ್ಬುಡ್ತೀನಿ. ಯಾರ್ಗೂ ಹೇಳ್ಬ್ಯಾಡ."

ಪೊರೆಯ ಆಪರೇಷನ್ ಎರಡೂ ಕಣ್ಣಿಗೆ ಎಂದೋ ಆಗಿದೆ, ಇದು ಬೇರೆ ಏನೋ. ಭಾನುವಾರ ಕೂಸನ್ನು ನೋಡಿ ಬಂದ ಮೇಲೆ ಕಣ್ಣಿನ ಡಾಕ್ಟರ ಹತ್ತಿರ ಬರುತ್ತೇನೆ ಎಂದು ನನಗೆ ಮಾತು ಕೊಟ್ಟಿದ್ದಾರೆ. ಯಾರಿಗೂ ಹೇಳಬೇಡ ಎಂದದ್ದನ್ನು ನಿನಗೆ ಹೇಳುತ್ತಿದ್ದೇನೆ, ಇದು ಈ ಮನೆಗೆ ಬಂದ ಮೂವರು ಸೊಸೆಯರ ನಡುವೆಯೇ ಇರಲಿ. ನಾವು ಬರುವ ಹೊತ್ತಿಗೆ ನಿಮ್ಮ ಹಿತ್ತಲ ಬಾಗಿಲಿನ ಹತ್ತಿರ, ಬಿಸಿಲಿನ ಬೆಳಕು ಚೆನ್ನಾಗಿ ಬೀಳುವ ಕಡೆ ಚಾಪೆ ಹಾಕಿಸಿರು. ಮಗುವಿಗೆ ಆ ಕೆಂಪು ಅಂಗಿ ಹಾಕು, ಕೆನ್ನೆಗೆ ದೃಷ್ಟಿಬೊಟ್ಟು ದೊಡ್ಡದಾಗಿ ಇಡು. ಅಜ್ಜಿಯ ಮಡಿಲಿಗೆ ಕೊಟ್ಟ ಮೇಲೆ ಅವಸರ ಮಾಡಬೇಡ. ಫೋಟೋ ತೆಗೆಯುತ್ತೇವೆ ಎಂದು ಮನೆಮಂದಿಯೆಲ್ಲ ಮುತ್ತಿಕೊಳ್ಳುತ್ತಾರೆ, ಆ ಹೊತ್ತಿಗೆ ಯಾರೂ ಬೆಳಕಿಗೆ ಅಡ್ಡ ನಿಲ್ಲದ ಹಾಗೆ ನೋಡಿಕೋ, ತಾಯಿ.